ಹೊಟ್ಟೆಯ ಹಿಟ್ಟು, ಜುಟ್ಟಿನ ಮಲ್ಲಿಗೆ: ಸೋವಿಯತ್ ಬಾಹ್ಯಾಕಾಶ ಸಂಸ್ಕೃತಿಯ ಮೇಲಿನ ಒಂದು ಆಕ್ಷೇಪದ ಖಂಡನೆ

ಸೋವಿಯತ್ ಒಕ್ಕೂಟದ ಬಾಹ್ಯಾಕಾಶ ಯುಗವನ್ನು ಕುರಿತು ಬರೆಯುವವರಲ್ಲಿ ಬಹುಪಾಲು ಮಂದಿ, ಸಮಾಜವಾದದ ವಿರೋಧಿಗಳಷ್ಟೇ ಅಲ್ಲದೆ ಒಂದು ಕಾಲಕ್ಕೆ ಅದನ್ನು ನಂಬಿ ಮುಂದೆ ಭ್ರಮನಿರಸನಗೊಂಡವರೂ, ಕೊನೆಗೆ ಒಂದೇ ತೀರ್ಮಾನಕ್ಕೆ ಬಂದು ನಿಲ್ಲುತ್ತಾರೆ. ಅಂಗಡಿಯಲ್ಲಿ ಮಾಂಸ ಸಿಗದ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ತುಂಬಿಕೊಂಡು ಹಲವು ಸಂಸಾರಗಳು ಒಂದೇ ಅಡುಗೆಮನೆಯನ್ನು ಹಂಚಿಕೊಳ್ಳಬೇಕಿದ್ದ ದೇಶದಲ್ಲಿ ಆಳುವವರು ಆಕಾಶಕ್ಕೆ ರಾಕೆಟ್ ಹಾರಿಸಿದರು, ಆ ಬೆಳಕಿಗೆ ಕಣ್ಣು ಕೋರೈಸಿ ಜನ ತಮ್ಮ ಕೊರತೆಗಳನ್ನು ಮರೆಯಲಿ ಎಂಬುದೇ ಅದರ ಉದ್ದೇಶವಾಗಿತ್ತು, ಜನ ಮರೆತರು ಅಥವಾ ಮರೆತವರಂತೆ ನಟಿಸಿದರು ಎಂಬುದು ಆ ತೀರ್ಮಾನ. ಕನ್ನಡದ ಗಾದೆಯಲ್ಲಿ ಹೇಳುವುದಾದರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಈ ಅಭಿಪ್ರಾಯ ಎಷ್ಟು ಬೇರೂರಿದೆಯೆಂದರೆ ಅದನ್ನು ಈಗ ಯಾರೂ ವಾದವೆಂದು ಮಂಡಿಸುವುದಿಲ್ಲ, ಎಲ್ಲರಿಗೂ ತಿಳಿದ ಸಂಗತಿಯೆಂಬಂತೆ ಹೇಳಿ ಮುಂದೆ ಸಾಗುತ್ತಾರೆ. ಆದರೆ ಇದು ಅರ್ಧಸತ್ಯ, ಅದರಲ್ಲೂ ಹೆಚ್ಚು ಹಾನಿ ಮಾಡುವ ಬಗೆಯ ಅರ್ಧಸತ್ಯ. ಏಕೆಂದರೆ ಪ್ರಭುತ್ವವನ್ನು ಟೀಕಿಸುವ ಭರದಲ್ಲಿ ಅದು ಆ ಪ್ರಭುತ್ವದಡಿ ಬಾಳಿದ ಕೋಟ್ಯಂತರ ಜನರಿಗೆ ಸ್ವಂತ ಬುದ್ಧಿಯೂ ಇರಲಿಲ್ಲ, ಸ್ವಂತ ಆಸೆಯೂ ಇರಲಿಲ್ಲ ಎಂದು ಹೇಳಿಬಿಡುತ್ತದೆ.

ಖಂಡನೆಗೆ ತೊಡಗುವ ಮುನ್ನ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅದರ ಪೂರ್ಣ ಬಲದೊಡನೆ ಮಂಡಿಸುವುದು ನ್ಯಾಯ. ಆ ವಾದಕ್ಕೆ ಮೂರು ಅಂಗಗಳಿವೆ. ಬಾಹ್ಯಾಕಾಶದ ಬಗೆಗಿನ ಉತ್ಸಾಹ ಮೇಲಿನಿಂದ ಹೇರಿದ್ದು, ಪತ್ರಿಕೆ, ರೇಡಿಯೊ ಮತ್ತು ಮೆರವಣಿಗೆಗಳ ಮೂಲಕ ತಯಾರಿಸಿದ್ದು ಎಂಬುದು ಮೊದಲನೆಯದು. ಆ ಸಾಧನೆಗಳಿಂದ ದಿನನಿತ್ಯದ ಬದುಕಿಗೆ, ಅಂದರೆ ಮನೆ, ಅಡುಗೆ, ಶಾಲೆ, ಬಿಡುವಿನ ಹೊತ್ತು ಇವುಗಳಿಗೆ, ಏನೂ ದಕ್ಕಲಿಲ್ಲ ಎಂಬುದು ಎರಡನೆಯದು. ಹೇರಿದ್ದಾದ್ದರಿಂದಲೇ ಆ ಉತ್ಸಾಹ ಬೇಗನೆ ಬತ್ತಿ, 1991ರಲ್ಲಿ ಒಕ್ಕೂಟ ಮುರಿದುಬಿದ್ದಾಗ ಗುರುತೂ ಉಳಿಯದಂತೆ ಮಾಯವಾಯಿತು ಎಂಬುದು ಮೂರನೆಯದು. ಈ ವಾದಕ್ಕೆ ಗಟ್ಟಿಯಾದ ಆಧಾರಗಳೂ ಇವೆ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ 108 ನಿಮಿಷಗಳ ಯಾನ ಮುಗಿಸಿ ಬಂದ ಹದಿನಾಲ್ಕು ತಿಂಗಳೊಳಗೆ, 1962ರ ಜೂನ್ ಮೊದಲ ದಿನ, ಸರ್ಕಾರ ಮಾಂಸ ಮತ್ತು ಬೆಣ್ಣೆಯ ಬೆಲೆಯನ್ನು ಏರಿಸಿತು. ನೊವೊಚೆರ್ಕಾಸ್ಕ್ ಪಟ್ಟಣದ ರೈಲ್ವೆ ಎಂಜಿನ್ ಕಾರ್ಖಾನೆಯ ಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗಿಳಿದಾಗ ಮರುದಿನ ಅವರ ಮೇಲೆ ಗುಂಡು ಹಾರಿಸಲಾಯಿತು, ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ಆ ಸುದ್ದಿಯನ್ನು ಇಪ್ಪತ್ತೈದು ವರ್ಷಗಳಷ್ಟು ಕಾಲ ಮುಚ್ಚಿಡಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇಬ್ಬರು ಗಗನಯಾತ್ರಿಗಳು ಏಕಕಾಲಕ್ಕೆ ಕಕ್ಷೆಯಲ್ಲಿದ್ದರು. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಯಾರಿಗಾದರೂ ಆಕಾಶದ ಹಬ್ಬ ನೆಲದ ರಕ್ತವನ್ನು ಮರೆಮಾಡಲು ಹಾಕಿದ ಪರದೆಯೆಂದು ತೋರುವುದು ಸಹಜ.

ಈ ಲೇಖನ ಆ ರಕ್ತವನ್ನು ಅಲ್ಲಗಳೆಯುವುದಿಲ್ಲ, ಆಳುವವರು ಬಾಹ್ಯಾಕಾಶವನ್ನು ಪರದೆಯಾಗಿ ಬಳಸಲು ಬಯಸಿದರೆಂಬುದನ್ನೂ ನಿರಾಕರಿಸುವುದಿಲ್ಲ. ಇಲ್ಲಿ ಖಂಡಿಸುತ್ತಿರುವುದು, ಆಳುವವರ ಬಯಕೆಯನ್ನೇ ಜನರ ಅನುಭವವೆಂದು ತಿಳಿಯುವ ತಪ್ಪನ್ನು. ಗಾದೆಯನ್ನೇ ಮತ್ತೊಮ್ಮೆ ನೋಡಬಹುದು: ಅದರಲ್ಲಿ ಹೊಟ್ಟೆಯೂ ಜುಟ್ಟೂ ಒಬ್ಬನವೇ. ಹೂವು ದೊರೆಯದು, ಹಸಿವು ಪ್ರಜೆಯದು ಎಂದು ಎರಡನ್ನೂ ಬೇರೆ ಮಾಡಿದ್ದು ಟೀಕಾಕಾರರು. ಸೋವಿಯತ್ ನಾಗರಿಕರು ಹಾಗೆ ಬೇರೆ ಮಾಡಲಿಲ್ಲ. ಹೂವೂ ತಮ್ಮದೇ, ಹಸಿವೂ ತಮ್ಮದೇ ಎಂದು ಅರಿತಿದ್ದರಿಂದಲೇ ಅವರು ಒಂದನ್ನು ಹಿಡಿದು ಇನ್ನೊಂದನ್ನು ಅಳೆದರು. ಬಾಹ್ಯಾಕಾಶ ಅವರ ಪಾಲಿಗೆ ಪ್ರಭುತ್ವದ ಮಾತುಗಳನ್ನೆಲ್ಲ ಅಳೆದು ನೋಡುವ ಕೊಳಗವಾಯಿತು. ಆ ಕೊಳಗವನ್ನು ಜನರ ಕೈಗೆ ಕೊಟ್ಟದ್ದು ಸ್ವತಃ ಪ್ರಭುತ್ವವೇ ಆದ್ದರಿಂದ ಅದನ್ನು ಮರಳಿ ಕಸಿದುಕೊಳ್ಳುವ ದಾರಿ ಅದಕ್ಕೆ ಇರಲಿಲ್ಲ.

ಉತ್ಸಾಹವನ್ನು ಮೇಲಿನಿಂದ ತಯಾರಿಸಲಾಯಿತು ಎಂಬ ಮೊದಲ ಅಂಗ ಕಾಲಾನುಕ್ರಮದ ಎದುರಿಗೇ ನಿಲ್ಲಲಾರದು. ರಷ್ಯಾದಲ್ಲಿ ಬಾಹ್ಯಾಕಾಶದ ಕನಸು ಬೊಲ್ಶೆವಿಕ್ ಪ್ರಭುತ್ವಕ್ಕಿಂತ ಹಳೆಯದು. ಕಲುಗಾ ಎಂಬ ಸಣ್ಣ ಊರಿನ ಶಾಲಾಮಾಸ್ತರ, ಎಳವೆಯಲ್ಲೇ ಕಿವಿ ಮಂದವಾಗಿದ್ದ ಕಾನ್‌ಸ್ತಾಂತಿನ್ ತ್ಸಿಯೊಲ್ಕೊವ್‌ಸ್ಕಿ, ರಾಕೆಟ್ಟಿನ ನೆರವಿನಿಂದ ಭೂಮಿಯ ಸೆಳೆತವನ್ನು ಮೀರಬಹುದೆಂದು ಗಣಿತದ ಮೂಲಕ ತೋರಿಸಿದ್ದು 1903ರಲ್ಲಿ. ಅದನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಯಾಕೊವ್ ಪೆರೆಲ್‌ಮನ್ ಗ್ರಹಾಂತರ ಯಾನದ ಬಗ್ಗೆ ಪುಸ್ತಕ ಬರೆದದ್ದು 1915ರಲ್ಲಿ. ಕ್ರಾಂತಿಯ ನಂತರ, ಅಂತರ್ಯುದ್ಧ ಮತ್ತು ಬರಗಾಲಗಳಿಂದ ದೇಶ ಇನ್ನೂ ಚೇತರಿಸಿಕೊಳ್ಳುತ್ತಿದ್ದ 1924ರಲ್ಲಿ, ಮಾಸ್ಕೋದ ಆಸಕ್ತರು ತಾವೇ ಕೂಡಿ ಗ್ರಹಾಂತರ ಸಂಚಾರದ ಅಧ್ಯಯನಕ್ಕೊಂದು ಸಂಘ ಕಟ್ಟಿದರು. ಅದೇ ವರ್ಷ ಮಂಗಳ ಗ್ರಹದ ಕಥೆಯುಳ್ಳ ‘ಅಯೆಲಿತಾ’ ಚಿತ್ರ ತೆರೆಗೆ ಬಂತು. 1927ರಲ್ಲಿ ಗ್ರಹಾಂತರ ವಾಹನಗಳ ಮಾದರಿಗಳ ಪ್ರದರ್ಶನವೊಂದು ಮಾಸ್ಕೋದಲ್ಲಿ ನಡೆಯಿತು. 1931ರಲ್ಲಿ ಹುಟ್ಟಿದ ಗಿರ್ದ್ ಎಂಬ ರಾಕೆಟ್ ಅಧ್ಯಯನ ತಂಡದ ಎಂಜಿನಿಯರುಗಳು ನೆಲಮಾಳಿಗೆಯೊಂದರಲ್ಲಿ, ಹೆಚ್ಚಿನಂಶ ತಮ್ಮ ಬಿಡುವಿನ ವೇಳೆಯಲ್ಲಿ ದುಡಿಯುತ್ತಿದ್ದರು. ಸಂಬಳವಿಲ್ಲದೆ ದುಡಿಯುವ ಎಂಜಿನಿಯರುಗಳ ಗುಂಪು ಎಂದು ತಂಡದ ಹೆಸರಿನ ಅಕ್ಷರಗಳನ್ನು ಅವರೇ ಬಿಡಿಸಿ ಹೇಳಿಕೊಂಡಿದ್ದರು. ಆ ತಂಡದಲ್ಲಿದ್ದು ಮುಂದೆ ಬಾಹ್ಯಾಕಾಶ ಯೋಜನೆಯ ಮುಖ್ಯ ವಿನ್ಯಾಸಕರಾದ ಸೆರ್ಗೆಯ್ ಕೊರೊಲೆವ್‌ರನ್ನು 1938ರಲ್ಲಿ ಬಂಧಿಸಿ ಕೊಲಿಮಾದ ಚಿನ್ನದ ಗಣಿಗೆ ದೂಡಿದ ಪ್ರಭುತ್ವವೇ ಈ ಕನಸನ್ನು ಹುಟ್ಟಿಸಿತೆಂದು ಹೇಳುವುದು, ಬೆಳೆಯನ್ನು ತುಳಿದವನನ್ನೇ ಬಿತ್ತಿದವನೆಂದು ಕರೆದಂತೆ.

1957ರ ಅಕ್ಟೋಬರ್ 4ರ ಘಟನೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ. ಅಂದು ಮೇಲೇರಿದ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್, 58 ಸೆಂಟಿಮೀಟರ್ ವ್ಯಾಸದ, 83.6 ಕಿಲೊಗ್ರಾಂ ತೂಕದ ಗೋಳ. ಮರುದಿನದ ‘ಪ್ರಾವ್ದಾ’, ಅಂದರೆ ಕಮ್ಯುನಿಸ್ಟ್ ಪಕ್ಷದ ಮುಖವಾಣಿ, ಆ ಸುದ್ದಿಯನ್ನು ಯಾವ ಅಬ್ಬರವೂ ಇಲ್ಲದ ಸಾಧಾರಣ ವರದಿಯಾಗಿ ಮುದ್ರಿಸಿತು. ಪಶ್ಚಿಮದ ದೇಶಗಳು ಬೆಚ್ಚಿಬಿದ್ದದ್ದನ್ನು ಕಂಡ ಮೇಲಷ್ಟೇ, 6ರ ಸಂಚಿಕೆಯಲ್ಲಿ, ಮುಖಪುಟ ತುಂಬ ದೊಡ್ಡ ಶೀರ್ಷಿಕೆಗಳು ಬಂದವು. ಪ್ರಚಾರಯಂತ್ರ ಹೀಗೆ ತಡವಾಗಿ ಎಚ್ಚೆತ್ತಿತು, ಆದರೆ ರೇಡಿಯೊ ಹವ್ಯಾಸಿಗಳು ಆ ಹೊತ್ತಿಗೆ ಸಿದ್ಧರಾಗಿ ಕುಳಿತಿದ್ದರು. ಉಪಗ್ರಹ ಯಾವ ತರಂಗಾಂತರದಲ್ಲಿ ಸಂಕೇತ ಕಳಿಸಲಿದೆ, ಅದನ್ನು ಹಿಡಿಯುವ ಗ್ರಾಹಕವನ್ನು ಹೇಗೆ ಜೋಡಿಸಬೇಕು ಎಂಬುದನ್ನು ‘ರಾದಿಯೊ’ ಎಂಬ ಮಾಸಪತ್ರಿಕೆ ಆ ವರ್ಷದ ಬೇಸಿಗೆಯ ಸಂಚಿಕೆಗಳಲ್ಲೇ ವಿವರಿಸಿತ್ತು; ದೇಶದ ನಾನಾ ಊರುಗಳ ರೇಡಿಯೊ ಕ್ಲಬ್ಬುಗಳಲ್ಲಿ ಜನ ತಮ್ಮ ಕೈಯಾರೆ ಜೋಡಿಸಿದ ಪೆಟ್ಟಿಗೆಗಳ ಮುಂದೆ ಕುಳಿತು 20 ಮತ್ತು 40 ಮೆಗಾಹರ್ಟ್ಸ್ ಆಸುಪಾಸಿನ ಆ ಬೀಪ್ ಸದ್ದನ್ನು ಆಲಿಸಿ, ಬರೆದಿಟ್ಟು, ಮಾಸ್ಕೋಗೆ ಕಳಿಸಿದರು. ಹೇರಿದ ಉತ್ಸಾಹಕ್ಕೆ ಇಂಥ ಲಕ್ಷಣ ಇರುವುದಿಲ್ಲ. ಮೆರವಣಿಗೆಗೆ ಕರೆತಂದ ಜನ ಬಾವುಟ ಹಿಡಿಯುತ್ತಾರೆ, ಬೆಸುಗೆ ಕಡ್ಡಿ ಹಿಡಿದು ರಾತ್ರಿಯಿಡೀ ಎಚ್ಚರವಿರುವುದಿಲ್ಲ.

ಗಗಾರಿನ್ ಹಾರಿದ ದಿನವೂ ಹೀಗೆಯೇ ನಡೆಯಿತು. ಕೆಂಪು ಚೌಕದಲ್ಲಿ ಅಧಿಕೃತ ಸ್ವಾಗತ ಏರ್ಪಟ್ಟದ್ದು ಏಪ್ರಿಲ್ 14ಕ್ಕೆ. ಆದರೆ 12ರಂದೇ, ರೇಡಿಯೊದಲ್ಲಿ ಯೂರಿ ಲೆವಿತಾನ್‌ರ ಕಂಠ ಕೇಳಿಬಂದ ಕೆಲವೇ ಗಂಟೆಗಳಲ್ಲಿ, ವಿದ್ಯಾರ್ಥಿಗಳೂ ಕಾರ್ಮಿಕರೂ ತರಗತಿ, ಕೆಲಸ ಬಿಟ್ಟು ಬೀದಿಗೆ ಬಂದಿದ್ದರು, ಕೈಯಲ್ಲಿ ಅವಸರಕ್ಕೆ ಬಣ್ಣ ಬಳಿದು ಬರೆದ ಫಲಕಗಳಿದ್ದವು. ಲೆವಿತಾನ್ ಎರಡನೆಯ ಮಹಾಯುದ್ಧದ ಉದ್ದಕ್ಕೂ ರಣರಂಗದ ಸುದ್ದಿಯನ್ನು ಓದಿದ ವಾರ್ತಾವಾಚಕ. ಆ ಕಂಠವನ್ನು ಆ ಪೀಳಿಗೆ ಸಾವು ಮತ್ತು ವಿಜಯಗಳ ಜೊತೆ ಸೇರಿಸಿಯೇ ನೆನಪಿಟ್ಟುಕೊಂಡಿತ್ತು. ಗಗಾರಿನ್ ಸ್ವತಃ ಆ ಯುದ್ಧದ ಮಗು. ಸ್ಮೊಲೆನ್‌ಸ್ಕ್ ಸೀಮೆಯ ಕ್ಲುಶಿನೊ ಹಳ್ಳಿಯ ಬಡಗಿಯ ಮಗನಾಗಿ, ಜರ್ಮನ್ ಆಕ್ರಮಣದ ಕಾಲದಲ್ಲಿ ಮನೆ ಕಳೆದುಕೊಂಡು ಮಣ್ಣಿನ ಗುಂಡಿಯಲ್ಲಿ ಬದುಕಿದ ಕುಟುಂಬದಿಂದ ಬಂದು, ಲ್ಯುಬೆರ್ತ್ಸಿಯ ವೃತ್ತಿಶಾಲೆಯಲ್ಲಿ ಎರಕದ ಕೆಲಸ ಕಲಿತವರು. ಯುದ್ಧದಲ್ಲಿ ತಮ್ಮವರನ್ನು ಕಳೆದುಕೊಳ್ಳದ ಮನೆ ವಿರಳವಾಗಿದ್ದ ದೇಶ ಅದು. ಅಷ್ಟೊಂದು ಸಾವಿನ ನಂತರ, ಯಾರನ್ನೂ ಕೊಲ್ಲದೆ ಗೆದ್ದ ಗೆಲುವೊಂದು ತಮ್ಮದೇ ಊರಿನಂಥ ಊರಿನ ಹುಡುಗನ ಮೂಲಕ ಬಂದಾಗ ಜನ ಕುಣಿದರು. ಆ ಕುಣಿತವನ್ನು ಪ್ರಚಾರದ ಫಲವೆಂದು ಕರೆಯುವವರು ಆ ಜನರ ದುಃಖವನ್ನು ಮೊದಲು ಅರಿಯಬೇಕು.

ದಿನನಿತ್ಯದ ಬದುಕಿಗೆ ಏನೂ ದಕ್ಕಲಿಲ್ಲವೆಂಬ ಎರಡನೆಯ ಅಂಗವನ್ನು ಎತ್ತಿಕೊಂಡರೆ, ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳಬೇಕು. ಪೆತ್ರೊದ್ವೊರೆತ್ಸ್ ಕಾರ್ಖಾನೆಯ ಕೈಗಡಿಯಾರಕ್ಕೆ ‘ರಕೇತಾ’ ಎಂದೂ ಲಿಥುವೇನಿಯದಲ್ಲಿ ತಯಾರಾದ ಗುಂಡನೆಯ ವ್ಯಾಕ್ಯೂಮ್ ಕ್ಲೀನರಿಗೆ ‘ಸಾತುರ್ನಸ್’, ಅಂದರೆ ಶನಿಗ್ರಹ, ಎಂದೂ ಹೆಸರಿಟ್ಟ ಮಾತ್ರಕ್ಕೆ ಬದುಕು ಬದಲಾಗುವುದಿಲ್ಲ. ಹೊಸವರ್ಷದ ಮರಕ್ಕೆ ತೂಗುಹಾಕುವ ಗಾಜಿನ ಗಗನಯಾತ್ರಿಗಳು, ಮಕ್ಕಳ ಆಟದ ಅಂಗಳದ ಕಬ್ಬಿಣದ ರಾಕೆಟ್‌ಗಳು, ಅಂಚೆಚೀಟಿಗಳು, ಬೆಂಕಿಪೊಟ್ಟಣದ ಚಿತ್ರಗಳು, ಇವೆಲ್ಲ ಹೊಟ್ಟೆ ತುಂಬಿಸಲಿಲ್ಲ. ಆದರೆ ಇವು ಯಾವ ಮನೆಗೆ ಬಂದವು ಎಂಬುದನ್ನು ನೋಡಬೇಕು. ಸ್ಪುಟ್ನಿಕ್ ಹಾರುವ ಎರಡು ತಿಂಗಳ ಮುಂಚೆ, 1957ರ ಜುಲೈ 31ರಂದು, ಹತ್ತು ಹನ್ನೆರಡು ವರ್ಷಗಳಲ್ಲಿ ವಸತಿ ಕೊರತೆಯನ್ನು ನೀಗಿಸುವೆವೆಂದು ಸಾರುವ ನಿರ್ಣಯ ಹೊರಬಿದ್ದಿತ್ತು. ಮುಂದಿನ ವರ್ಷಗಳಲ್ಲಿ ಕೋಟ್ಯಂತರ ಜನ ಕೊಮ್ಮುನಾಲ್ಕಾ ಎಂಬ, ನಮ್ಮ ವಠಾರಕ್ಕಿಂತಲೂ ಇಕ್ಕಟ್ಟಾದ ಹಂಚಿಕೆಯ ಮನೆಗಳನ್ನು ಬಿಟ್ಟು, ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳಿಂದ ಜೋಡಿಸಿದ ಐದಂತಸ್ತಿನ ಕಟ್ಟಡಗಳ ಪುಟ್ಟ ಫ್ಲಾಟುಗಳಿಗೆ ಬಂದರು. ಬಾಗಿಲು ಹಾಕಿಕೊಂಡರೆ ತಮ್ಮದೇ ಆದ ಅಡುಗೆಮನೆ, ತಮ್ಮದೇ ಆದ ಮಾತು. ಜೀವಮಾನದಲ್ಲಿ ಮೊದಲ ಬಾರಿಗೆ ಅಂಥ ಏಕಾಂತ ಪಡೆದವರಿಗೆ ಉಪಗ್ರಹವೂ ಸ್ವಂತ ಮನೆಯೂ ಒಂದೇ ಕಾಲಘಟ್ಟದ, ಒಂದೇ ಭರವಸೆಯ ಎರಡು ಮುಖಗಳಾಗಿ ಕಂಡವು. ಆಕಾಶದಲ್ಲಿ ಸಾಧ್ಯವಾದದ್ದು ನೆಲದ ಮೇಲೂ ಸಾಧ್ಯ ಎಂಬ ನಂಬಿಕೆ ಆ ಗೃಹಪ್ರವೇಶದ ಭಾಗವಾಗಿತ್ತು.

ನಂಬಿಕೆಯ ಮಾತನ್ನು ಬದಿಗಿಟ್ಟು ಕೈಗೆ ಸಿಕ್ಕ ಪ್ರಯೋಜನವನ್ನೇ ಕೇಳುವವರಿಗೆ ‘ಒರ್ಬಿತಾ’ ಎಂಬ ದೂರದರ್ಶನ ಜಾಲ ಸಾಕಷ್ಟು ಉತ್ತರ ಕೊಡುತ್ತದೆ. ಭೂಮಧ್ಯರೇಖೆಯ ಮೇಲೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳು ಉತ್ತರ ಧ್ರುವದ ಕಡೆಯ ಸೀಮೆಗೆ ದಿಗಂತದ ಅಂಚಿನಲ್ಲಿ ಮಾತ್ರ ಗೋಚರಿಸುವುದರಿಂದ ಸೈಬೀರಿಯದ ಉತ್ತರಕ್ಕೆ ಅವುಗಳ ಉಪಯೋಗ ಕಡಿಮೆ. ಆ ಕಾರಣಕ್ಕೆ 1965ರ ಏಪ್ರಿಲ್‌ನಿಂದ ಹಾರಿಸತೊಡಗಿದ ‘ಮೊಲ್ನಿಯಾ’ ಉಪಗ್ರಹಗಳನ್ನು ಹನ್ನೆರಡು ಗಂಟೆಗೊಂದು ಸುತ್ತು ಬರುವ, ಬಹಳ ಉದ್ದನೆಯ ಅಂಡಾಕಾರದ ಓರೆ ಕಕ್ಷೆಯಲ್ಲಿ ಇಡಲಾಯಿತು. ಭೂಮಿಗೆ ಕೆಲವೇ ನೂರು ಕಿಲೊಮೀಟರ್ ಹತ್ತಿರ ಬಂದು ದಕ್ಷಿಣದಲ್ಲಿ ಸರ್ರನೆ ಸಾಗುವ ಇಂಥ ಉಪಗ್ರಹ, ಉತ್ತರ ಗೋಳಾರ್ಧದ ಮೇಲೆ ಸುಮಾರು 40,000 ಕಿಲೊಮೀಟರ್ ಎತ್ತರಕ್ಕೇರಿದಾಗ ನಿಧಾನಗೊಂಡು ಗಂಟೆಗಟ್ಟಲೆ ಒಂದೇ ದಿಕ್ಕಿನಲ್ಲಿ ತೇಲುತ್ತದೆ. 1967ರ ನವೆಂಬರ್‌ನಲ್ಲಿ ಇಪ್ಪತ್ತರಷ್ಟು ಭೂಕೇಂದ್ರಗಳೊಂದಿಗೆ ಜಾಲ ಆರಂಭವಾದಾಗ, ದೂರಪ್ರಾಚ್ಯದ ಬಂದರುಗಳಲ್ಲಿ, ಸೈಬೀರಿಯದ ಗಣಿ ಪಟ್ಟಣಗಳಲ್ಲಿ, ಅಲ್ಲಿಯವರೆಗೆ ಸ್ಥಳೀಯ ಸ್ಟುಡಿಯೊ ತೋರಿಸಿದ್ದನ್ನಷ್ಟೇ ನೋಡುತ್ತಿದ್ದವರ ಮನೆಗೆ ಮಾಸ್ಕೋದ ನಾಟಕ, ಸಂಗೀತ, ಹಾಕಿ ಪಂದ್ಯ ಅಂದಂದೇ ತಲುಪತೊಡಗಿದವು. ಅದು ಪ್ರಭುತ್ವದ ದೂರದರ್ಶನ, ಪ್ರಭುತ್ವದ ಸುದ್ದಿ, ಹೌದು. ಆದರೂ ಹನ್ನೊಂದು ಕಾಲವಲಯಗಳಲ್ಲಿ ಹರಡಿದ್ದ ದೇಶದ ಜನ ಒಂದೇ ಚಿತ್ರವನ್ನು ನೋಡಿ ಮರುದಿನ ಒಂದೇ ವಿಷಯವನ್ನು ಮಾತಾಡುವಂತಾದದ್ದು ದಿನನಿತ್ಯದ ಬದುಕಿನಲ್ಲಿ ಆದ ದೊಡ್ಡ ಪಲ್ಲಟ. ಬಾಹ್ಯಾಕಾಶದಿಂದ ಮನೆಗೆ ಏನೂ ಬರಲಿಲ್ಲವೆಂಬ ಮಾತು ದೂರಪ್ರಾಚ್ಯದ ಮಗದಾನಿನ ಚಳಿಗಾಲದ ದೀರ್ಘ ಕತ್ತಲೆಯಲ್ಲಿ ನಿಲ್ಲುವುದಿಲ್ಲ.

ಎದುರಾಳಿಗಳ ಅತಿ ಬಲವಾದ ಸಾಕ್ಷ್ಯವನ್ನು ಈಗ ನೋಡಬಹುದು. ‘ಕೊಮ್ಸೊಮೊಲ್‌ಸ್ಕಯಾ ಪ್ರಾವ್ದಾ’ ಎಂಬ ಯುವಜನ ಪತ್ರಿಕೆ 1960ರಲ್ಲಿ ಒಬ್ಬ ಕಾರ್ಮಿಕನ ಪತ್ರವನ್ನು ಪ್ರಕಟಿಸಿತು. ಉಪಗ್ರಹಗಳಿಂದ ತನ್ನಂಥವನಿಗೆ ಏನು ಬಂತು, ಆ ಹಣದಲ್ಲಿ ಮನೆಗಳನ್ನು ಕಟ್ಟಬಹುದಿತ್ತಲ್ಲವೆ, ಚಂದ್ರನ ಬೆನ್ನು ಹತ್ತುವ ಕಾಲ ಇನ್ನೂ ಬಂದಿಲ್ಲವಲ್ಲವೆ ಎಂಬುದು ಅವನ ಪ್ರಶ್ನೆಯ ತಿರುಳು. ಪತ್ರಿಕೆ ಅದಕ್ಕೆ ಓದುಗರ ಮಾರುತ್ತರಗಳನ್ನೂ ಅಚ್ಚು ಹಾಕಿತು. ಇನ್ನೊಂದು ಸಾಕ್ಷ್ಯ ಬಾಯಿಂದ ಬಾಯಿಗೆ ಹರಡಿದ್ದು, ಅನೆಕ್ದೋತ್ ಎಂಬ, ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳುವ ಕಿರುಕಥೆ: ಗಗನಯಾತ್ರಿಯ ಮನೆಗೆ ಯಾರೋ ದೂರವಾಣಿ ಮಾಡಿದಾಗ ಮಗು ಎತ್ತಿಕೊಂಡು, ಅಪ್ಪ ಭೂಮಿಯನ್ನು ಸುತ್ತಲು ಹೋಗಿದ್ದಾರೆ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಸರಿಯಾಗಿ ಬರುತ್ತಾರೆ, ಅಮ್ಮ ದಿನಸಿ ತರಲು ಅಂಗಡಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎನ್ನುತ್ತದೆ. ಪೂರ್ವಪಕ್ಷದವರು ಈ ಎರಡನ್ನೂ ಜನರ ಸಿನಿಕತನಕ್ಕೆ ಪುರಾವೆಯಾಗಿ ಎತ್ತಿ ತೋರುತ್ತಾರೆ. ನಿಧಾನಿಸಿ ನೋಡಿದರೆ ಅವು ಹೇಳುವುದೇ ಬೇರೆ. ಆ ಕಿರುಕಥೆಯಲ್ಲಿ ತಂದೆಯ ಯಾನದ ಬಗ್ಗೆ ಅಪನಂಬಿಕೆಯ ಸುಳಿವೂ ಇಲ್ಲ. ಅವರು ಹೇಳಿದ ಹೊತ್ತಿಗೆ ಬರುತ್ತಾರೆಂಬ ಭರವಸೆ ಪೂರ್ತಿಯಾಗಿದೆ, ಆ ಭರವಸೆಯ ನೇರಕ್ಕೆ ಹಿಡಿದಾಗಲೇ ತಾಯಿ ನಿಂತ ಸಾಲಿನ ಅನಿಶ್ಚಯ ಎದ್ದು ಕಾಣುತ್ತದೆ. ಕಕ್ಷೆಯ ಲೆಕ್ಕವನ್ನು ನಿಮಿಷಕ್ಕೆ ಸರಿಯಾಗಿ ಹಾಕಬಲ್ಲ ದೇಶಕ್ಕೆ ಬೆಣ್ಣೆಯ ಲೆಕ್ಕ ಏಕೆ ಹಾಕಲಾಗದು ಎಂಬುದು ಅದರ ಪ್ರಶ್ನೆ. ಪರದೆಯ ಕೆಲಸ ಕೊರತೆಯನ್ನು ಮುಚ್ಚುವುದು. ಇಲ್ಲಿ ಬಾಹ್ಯಾಕಾಶ ಕೊರತೆಯನ್ನು ಎತ್ತಿ ತೋರಿಸಿತು. ಬರಿಯ ಬಡತನವನ್ನು ವಿಧಿಯೆಂದು ಸಹಿಸಬಹುದು, ಆದರೆ ಸಾಮರ್ಥ್ಯವಿದ್ದೂ ಉಳಿದ ಬಡತನವನ್ನು ಸಹಿಸಲು ಕಾರಣ ಬೇಕಾಗುತ್ತದೆ. ಸ್ಪುಟ್ನಿಕ್ ಹಾರಿದ ದಿನದಿಂದ ಸೋವಿಯತ್ ಪ್ರಭುತ್ವ ಅಂಥ ಕಾರಣವನ್ನು ಹೇಳಲೇಬೇಕಾದ ಸ್ಥಿತಿಗೆ ಬಂತು.

ಅದೇ ಕೊಳಗ ಹೆಣ್ಣುಮಕ್ಕಳ ಬದುಕನ್ನೂ ಅಳೆಯಿತು. 1963ರ ಜೂನ್ 16ರಂದು ಹೊರಟು ಭೂಮಿಯನ್ನು 48 ಬಾರಿ ಸುತ್ತಿದ ವಾಲೆಂಟಿನಾ ತೆರೆಷ್ಕೋವಾ ಯಾರೊಸ್ಲಾವ್ಲಿನ ಬಟ್ಟೆ ಗಿರಣಿಯಲ್ಲಿ ದುಡಿದು, ವಿಮಾನ ಕ್ಲಬ್ಬಿನಲ್ಲಿ ಪ್ಯಾರಾಚೂಟ್ ಜಿಗಿತ ಕಲಿತವರು. ಸಮಾಜವಾದದಲ್ಲಿ ಗಂಡು ಹೆಣ್ಣು ಸಮಾನರೆಂಬುದಕ್ಕೆ ಆಳುವವರು ಅವರನ್ನು ಜೀವಂತ ಸಾಕ್ಷಿಯೆಂದು ಲೋಕದ ಮುಂದೆ ನಿಲ್ಲಿಸಿದರು. ಆದರೆ ಸಾಕ್ಷಿಗೆ ಒಂದು ಗುಣವಿದೆ, ಅದನ್ನು ಕರೆಸಿದವರ ವಿರುದ್ಧವೂ ಅದು ನುಡಿಯಬಲ್ಲದು. ಅವರ ನಂತರ ಮಹಿಳಾ ತಂಡದ ಉಳಿದ ಯಾರಿಗೂ ಹಾರುವ ಅವಕಾಶ ಸಿಗಲಿಲ್ಲ, 1969ರಲ್ಲಿ ಆ ತಂಡವನ್ನೇ ವಿಸರ್ಜಿಸಲಾಯಿತು, ಇನ್ನೊಬ್ಬ ಸೋವಿಯತ್ ಮಹಿಳೆ ಸ್ವೆತ್ಲಾನಾ ಸವಿತ್‌ಸ್ಕಯಾ ಬಾಹ್ಯಾಕಾಶಕ್ಕೆ ಹೋಗಲು 1982ರ ಆಗಸ್ಟ್‌ವರೆಗೆ ಹತ್ತೊಂಬತ್ತು ವರ್ಷ ಕಾಯಬೇಕಾಯಿತು. ಇಡೀ ದಿನ ಕಾರ್ಖಾನೆಯಲ್ಲಿ ದುಡಿದು, ಸಾಲಿನಲ್ಲಿ ನಿಂತು, ಮನೆಗೆ ಬಂದು ಅಡುಗೆ ಮಾಡುವ ಹೆಂಗಸಿನ ಎರಡು ಪಾಳಿಯ ಬದುಕಿಗೂ ಸಮಾನತೆಯ ಘೋಷಣೆಗೂ ಎಷ್ಟು ಅಂತರವಿದೆ ಎಂಬುದನ್ನು ತೋರಿಸಲು ಈ ಹತ್ತೊಂಬತ್ತು ವರ್ಷಗಳಿಗಿಂತ ಸ್ಪಷ್ಟವಾದ ಅಂಕಿ ಬೇರೆ ಇಲ್ಲ.

ಪ್ರಭುತ್ವ ಬಾಹ್ಯಾಕಾಶದ ಅರ್ಥವನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳಲು ಸೋತ ಇನ್ನೊಂದು ಕ್ಷೇತ್ರ ಧರ್ಮ. ಮುಚ್ಚಿಸಿದ ಚರ್ಚುಗಳಲ್ಲಿ ತಾರಾಲಯಗಳನ್ನು ತೆರೆಯುವ ಪದ್ಧತಿ ಗಗಾರಿನ್‌ಗಿಂತ ಹಿಂದಿನದು, ಕೀವ್‌ನಲ್ಲೂ ಗೋರ್ಕಿ ನಗರದಲ್ಲೂ ಹಾಗೆ ನಡೆದಿತ್ತು. 1961ರ ನಂತರ ಉಪನ್ಯಾಸಕರು ಊರೂರಿಗೆ ಹೋಗಿ ಮನುಷ್ಯ ಮೇಲೆ ಹೋಗಿ ನೋಡಿಬಂದ, ಅಲ್ಲಿ ದೇವರಿಲ್ಲ ಎಂದು ಬೋಧಿಸಿದರು. ಎರಡನೆಯ ಸೋವಿಯತ್ ಗಗನಯಾತ್ರಿ ಗೆರ್ಮನ್ ತಿತೊವ್ 1962ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ತಮಗೆ ದೇವರಾಗಲಿ ದೇವದೂತರಾಗಲಿ ಕಾಣಲಿಲ್ಲವೆಂದು ಹೇಳಿದ್ದುಂಟು, ಗಗಾರಿನ್ ಹೆಸರಿನಲ್ಲಿ ಹರಿದಾಡುವ ಅಂಥದೇ ಮಾತಿಗೆ ಮಾತ್ರ ಆಧಾರವಿಲ್ಲ. ಉಪನ್ಯಾಸಕರ ಎಣಿಕೆಯಂತೆ ಬಾಹ್ಯಾಕಾಶ ಬರಿದಾದ, ಲೆಕ್ಕಕ್ಕೆ ಸಿಕ್ಕ ಜಾಗವಾಗಬೇಕಿತ್ತು. ಆದದ್ದು ಬೇರೆ. ಅಲೆಕ್ಸೆಯ್ ಲೆಯೊನೊವ್ 1965ರ ಮಾರ್ಚ್ 18ರಂದು ನೌಕೆಯಿಂದ ಹೊರಬಂದು ತೇಲಿದ ಮೊದಲ ಮನುಷ್ಯ. ಅದೇ ಯಾನದಲ್ಲಿ ಬಣ್ಣದ ಪೆನ್ಸಿಲುಗಳಿಂದ ಸೂರ್ಯೋದಯವನ್ನು ಚಿತ್ರಿಸಿ, ಆಮೇಲೆ ಜೀವನವಿಡೀ ಕುಂಚ ಹಿಡಿದವರು. ಸ್ತ್ರುಗಾತ್‌ಸ್ಕಿ ಸಹೋದರರ ಕಾದಂಬರಿಗಳಲ್ಲಿ ದೂರದ ಗ್ರಹಗಳು ನೆಲದ ಮೇಲೆ ಕೇಳಲಾಗದ ಪ್ರಶ್ನೆಗಳನ್ನು ಕೇಳುವ ತಾಣಗಳಾದವು. 1972ರಲ್ಲಿ ತರ್ಕೊವ್‌ಸ್ಕಿ ನಿರ್ದೇಶಿಸಿದ ‘ಸೊಲ್ಯಾರಿಸ್’ ಚಿತ್ರದಲ್ಲಿ ಗಗನಯಾನ ಪಶ್ಚಾತ್ತಾಪದ ಯಾತ್ರೆಯಾಯಿತು. 1960ರಲ್ಲಿ ಗಗನಯಾತ್ರಿಗಳ ನೆಚ್ಚಿನ ಹಾಡನ್ನು ಬರೆದ ವ್ಲಾದಿಮಿರ್ ವೊಯ್ನೊವಿಚ್, ಆ ಹಾಡಿನ ಸಾಲುಗಳನ್ನು ಸೋವಿಯತ್ ನಾಯಕ ಕ್ರುಶ್ಚೊವ್ ಕೆಂಪು ಚೌಕದಲ್ಲಿ ನಿಂತು ಉಚ್ಚರಿಸಿದ್ದರೂ, ಮುಂದೆ ಭಿನ್ನಮತದ ಲೇಖಕನಾಗಿ 1980ರಲ್ಲಿ ದೇಶ ಬಿಡಬೇಕಾಯಿತು. ಹೇರಿದ ಸಂಸ್ಕೃತಿ ತನ್ನನ್ನು ಹೇರಿದವರನ್ನೇ ಪ್ರಶ್ನಿಸುವ ಕವಿ, ಕಥೆಗಾರ, ನಿರ್ದೇಶಕರನ್ನು ಬೆಳೆಸುವುದಿಲ್ಲ.

ಗೌಪ್ಯವನ್ನು ಕುರಿತು ಇಷ್ಟೇ ನಿಷ್ಠುರವಾಗಿ ಮಾತಾಡಬೇಕು, ಏಕೆಂದರೆ ಪ್ರಭುತ್ವದ ನಿಜವಾದ ಅಪರಾಧ ಇರುವುದು ಅಲ್ಲಿ. ಮುಖ್ಯ ವಿನ್ಯಾಸಕರೆಂದಷ್ಟೇ ಪತ್ರಿಕೆಗಳಲ್ಲಿ ಉಲ್ಲೇಖವಾಗುತ್ತಿದ್ದ ಕೊರೊಲೆವ್‌ರ ಹೆಸರು ಜನರಿಗೆ ತಿಳಿದದ್ದು 1966ರ ಜನವರಿಯಲ್ಲಿ ಅವರು ಸತ್ತ ಮೇಲೆ. 1960ರ ಅಕ್ಟೋಬರ್ 24ರಂದು ಉಡಾವಣಾ ನೆಲೆಯಲ್ಲಿ ಕ್ಷಿಪಣಿ ಸ್ಫೋಟಿಸಿ ಹತ್ತಾರು ಮಂದಿ ಸುಟ್ಟುಹೋದಾಗ, ಸತ್ತವರಲ್ಲಿ ಒಬ್ಬರಾದ ಮಾರ್ಷಲ್ ನೆದೆಲಿನ್ ವಿಮಾನ ಅಪಘಾತದಲ್ಲಿ ತೀರಿಕೊಂಡರೆಂದು ಸುಳ್ಳು ಹೇಳಲಾಯಿತು. ಗಗಾರಿನ್‌ರ ಗಗನಯಾತ್ರಿ ತಂಡದಲ್ಲಿದ್ದ ವಾಲೆಂತಿನ್ ಬೊಂದರೆಂಕೊ 1961ರ ಮಾರ್ಚ್‌ನಲ್ಲಿ ತರಬೇತಿಯ ಬೆಂಕಿಗೆ ಬಲಿಯಾದದ್ದನ್ನು 1986ರವರೆಗೆ ಮುಚ್ಚಿಡಲಾಯಿತು. ಪರದೆ ಇದ್ದದ್ದು ಇಲ್ಲಿ, ಬಾಹ್ಯಾಕಾಶಕ್ಕೂ ಜನರಿಗೂ ನಡುವೆ. ಬಾಹ್ಯಾಕಾಶವೇ ಪರದೆ ಎನ್ನುವವರು ಮುಚ್ಚಿದ್ದನ್ನೂ ಮುಚ್ಚಿದ ಬಟ್ಟೆಯನ್ನೂ ಒಂದೆಂದು ತಿಳಿದಿದ್ದಾರೆ. ಜನ ಪ್ರೀತಿಸಿದ್ದು ಎರಕದ ಕೆಲಸಗಾರನನ್ನು, ಗಿರಣಿಯ ಹುಡುಗಿಯನ್ನು, 1967ರ ಏಪ್ರಿಲ್ 24ರಂದು ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ನೆಲಕ್ಕಪ್ಪಳಿಸಿ ಸತ್ತ ಗಗನಯಾತ್ರಿ ಕೊಮರೊವ್‌ರನ್ನು. ಪ್ರಭುತ್ವ ಅವರ ದುಡಿಮೆಯ ಕಷ್ಟವನ್ನೂ ಭಯವನ್ನೂ ಅಪಾಯವನ್ನೂ ಅಳಿಸಿ ನಗುವ ವಿಗ್ರಹಗಳನ್ನು ಮಾಡಿ ಕೊಟ್ಟಿತು. ಉತ್ಸಾಹ ಬತ್ತಿದ್ದರೆ ಅದನ್ನು ಬತ್ತಿಸಿದ್ದು ಈ ಸುಳ್ಳು, ಜನರ ನಿರಾಸಕ್ತಿಯಲ್ಲ.

ಗುರುತಿಲ್ಲದಂತೆ ಮಾಯವಾಯಿತೆಂಬ ಮೂರನೆಯ ಅಂಗಕ್ಕೆ ದೀರ್ಘ ಉತ್ತರ ಬೇಕಿಲ್ಲ. 1962ರಲ್ಲಿ ಗಗನಯಾನ ದಿನವೆಂದು ಘೋಷಿಸಿದ ಏಪ್ರಿಲ್ 12, ಅದನ್ನು ಘೋಷಿಸಿದ ರಾಜ್ಯ ಇಲ್ಲವಾದ ಮೇಲೂ ಆಚರಣೆಯಲ್ಲಿದೆ. ಬೇರೆಷ್ಟೋ ಊರುಗಳು ತಮ್ಮ ಸೋವಿಯತ್ ಹೆಸರನ್ನು ಕಳಚಿದರೂ, 1968ರಲ್ಲಿ ಗ್ಜಾತ್‌ಸ್ಕ್‌ಗೆ ಇಟ್ಟ ಗಗಾರಿನ್ ಎಂಬ ಹೆಸರು ಹಾಗೇ ಉಳಿದಿದೆ. 1991ರ ಮೇ ತಿಂಗಳಲ್ಲಿ ಮೀರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಸೆರ್ಗೆಯ್ ಕ್ರಿಕಲೆವ್ ಮರುವರ್ಷದ ಮಾರ್ಚ್‌ನಲ್ಲಿ ಇಳಿದಾಗ ಅವರನ್ನು ಕಳಿಸಿದ ದೇಶವೇ ಇರಲಿಲ್ಲ. ಆದರೆ ಅವರನ್ನು ಕಾಯುವ, ಇಳಿಸಿಕೊಳ್ಳುವ ಕೆಲಸವನ್ನು ಜನ ನಿಲ್ಲಿಸಿರಲಿಲ್ಲ. ಮಾನವಶಾಸ್ತ್ರಜ್ಞ ಅಲೆಕ್ಸೆಯ್ ಯುರ್ಚಾಕ್ 2005ರ ತಮ್ಮ ಗ್ರಂಥದಲ್ಲಿ, ಸೋವಿಯತ್ ಬದುಕನ್ನು ಪ್ರಭುತ್ವದ ಸುಳ್ಳು ಮತ್ತು ಜನರ ಗುಟ್ಟಾದ ಸತ್ಯ ಎಂಬ ಎರಡೇ ಪಾಲುಗಳಾಗಿ ಸೀಳುವುದು ಸರಿಯಲ್ಲ, ಸಮಾಜವಾದದ ಅನೇಕ ಮೌಲ್ಯಗಳು ಜನರಿಗೆ ನಿಜವಾಗಿ ಮುಖ್ಯವಾಗಿದ್ದವು ಎಂದು ವಾದಿಸಿದ್ದಾರೆ. ಬಾಹ್ಯಾಕಾಶದ ವಿಷಯದಲ್ಲಿ ಆ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಈ ಚರ್ಚೆ ಕನ್ನಡ ಓದುಗರಿಗೆ ದೂರದ್ದೆಂದು ತೋರಬೇಕಿಲ್ಲ. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ರೂಪುಗೊಂಡ 360 ಕಿಲೊಗ್ರಾಂ ತೂಕದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಮೇಲೇರಿದ್ದು ಸೋವಿಯತ್ ನೆಲೆಯಾದ ಕಪುಸ್ತಿನ್ ಯಾರ್‌ನಿಂದ, ಸೋವಿಯತ್ ರಾಕೆಟ್ಟಿನಲ್ಲಿ. ಬಡ ದೇಶಕ್ಕೆ ಉಪಗ್ರಹವೇಕೆ ಎಂಬ ಆಕ್ಷೇಪವನ್ನು ಅಂದು ಇಲ್ಲಿಯೂ ಇದೇ ಗಾದೆಯ ಧಾಟಿಯಲ್ಲಿ ಎತ್ತಲಾಗಿತ್ತು. ಅದೇ ವರ್ಷದ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ನಡೆದ ಸೈಟ್ ಎಂಬ ದೂರದರ್ಶನ ಪ್ರಯೋಗದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಸೀಮೆಯ ಹಳ್ಳಿಗರು ಸಮುದಾಯದ ಟಿವಿಯ ಮುಂದೆ ಕುಳಿತು ಕನ್ನಡದಲ್ಲಿ ಕೃಷಿ, ಆರೋಗ್ಯದ ಕಾರ್ಯಕ್ರಮಗಳನ್ನು ನೋಡಿದರು. ಉಪಗ್ರಹದಿಂದ ತಮಗೇನು ಎಂಬ ಪ್ರಶ್ನೆಯನ್ನು ಆ ಹಳ್ಳಿಗರೂ ಸೈಬೀರಿಯದ ಗಣಿ ಕಾರ್ಮಿಕರೂ ಕೇಳಬಲ್ಲವರಾದದ್ದು, ಉಪಗ್ರಹ ತಮಗೂ ಸೇರಿದ್ದೆಂದು ತಿಳಿದಿದ್ದರಿಂದ.

ಗಗಾರಿನ್ ನೆಲ ಮುಟ್ಟಿದ ಗಳಿಗೆಯಲ್ಲಿ ಈ ವಿವಾದದ ಎಳೆಗಳೆಲ್ಲ ಒಂದೆಡೆ ಸೇರುತ್ತವೆ. ವಿಮಾನಯಾನದ ದಾಖಲೆಗೆ ಚಾಲಕ ತನ್ನ ವಾಹನದೊಳಗೇ ಕುಳಿತು ಇಳಿಯಬೇಕೆಂಬ ಅಂತರರಾಷ್ಟ್ರೀಯ ನಿಯಮವಿದ್ದುದರಿಂದ, ಅವರು ಏಳು ಕಿಲೊಮೀಟರ್ ಎತ್ತರದಲ್ಲಿ ನೌಕೆಯಿಂದ ಹೊರಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದರೆಂಬ ಸತ್ಯವನ್ನು ಪ್ರಭುತ್ವ ಹಲವು ವರ್ಷ ಜಗತ್ತಿನಿಂದ ಮುಚ್ಚಿಟ್ಟಿತು. ಆದರೆ ಸರಾತೊವ್ ಸೀಮೆಯ ಸ್ಮೆಲೊವ್ಕಾ ಬಳಿ ಆಲೂಗೆಡ್ಡೆ ಹೊಲದಲ್ಲಿದ್ದ ಅರಣ್ಯ ಕಾವಲುಗಾರನ ಹೆಂಡತಿಯೂ ಅವಳ ಪುಟ್ಟ ಮೊಮ್ಮಗಳೂ ಕಿತ್ತಳೆ ಬಣ್ಣದ ಉಡುಪಿನ ಆ ಮನುಷ್ಯ ತಮ್ಮ ಕಡೆ ನಡೆದು ಬಂದದ್ದನ್ನು ಕಂಡಿದ್ದರು. ಮೊದಲು ಹೆದರಿದರು, ಅವರು ತಮ್ಮವರೇ ಎಂದು ತಿಳಿದ ಮೇಲೆ ಹತ್ತಿರ ಬಂದರು. ಮಾಸ್ಕೋಗೆ ತಿಳಿಸಲು ಗಗಾರಿನ್‌ಗೆ ಆಗ ಬೇಕಾಗಿದ್ದದ್ದು ಒಂದು ದೂರವಾಣಿ. ಅದು ಆ ಹೊಲದಲ್ಲಿ ಇರಲಿಲ್ಲ. ಭೂಮಿಯನ್ನು ಸುತ್ತಿಬಂದ ಮೊದಲ ಮನುಷ್ಯನೂ ಆಲೂಗೆಡ್ಡೆಯ ಹೊಲವೂ ಇಲ್ಲದ ದೂರವಾಣಿಯೂ ಆ ಅಜ್ಜಿಗೂ ಮೊಮ್ಮಗಳಿಗೂ ಒಂದೇ ನೋಟದಲ್ಲಿ ಕಂಡವು. ಒಂದನ್ನು ಇನ್ನೊಂದು ಮರೆಮಾಡಲಿಲ್ಲ.